ಕೂಪರ್ ಮನೆಯ ನಾಯಿಗೆ ಎಲ್ಲವೂ ಗೊತ್ತು

ಡಿಸೆಂಬರ್ ತಿಂಗಳು ಕಾಲಿಟ್ಟಿತೆಂದರೆ ನಮ್ಮ ಮನೆಯ ಟೀವಿಗೆ ಕುಟುಂಬವಾತ್ಸಲ್ಯ ಉಕ್ಕಿ ಬರುತ್ತದೆ. ವರ್ಷವಿಡೀ ಕೊಲೆ, ದರೋಡೆಗಳನ್ನು ಬಡಿಸುವ ಅದು ಈ ಬಾರಿಯೂ ಮೊದಲ ವಾರದಲ್ಲೇ ಹಿಮ ಸುರಿಯುವ ಪಟ್ಟಿಯೊಂದನ್ನು ತೆರೆದು, 2015ರಲ್ಲಿ ಬಂದ ‘ಲವ್ ದ ಕೂಪರ್ಸ್’ ಎಂಬ ಹಾಸ್ಯಚಿತ್ರವನ್ನು ನನ್ನೆದುರು ತಂದಿಟ್ಟಿತು. ಈ ಚಿತ್ರವನ್ನು ನೋಡಿದವರಿಗೆ ಕಥೆ ಹೇಳಬೇಕಾಗಿಲ್ಲ, ನೋಡದವರೂ ಇಂಥ ಹತ್ತನ್ನು ನೋಡಿಯೇ ಇರುತ್ತಾರೆ. ಚದುರಿಹೋಗಿದ್ದ ಸಂಸಾರ ಕ್ರಿಸ್ಮಸ್ ಊಟಕ್ಕೆಂದು ದೊಡ್ಡ ಮನೆಗೆ ಬಂದು ಸೇರುತ್ತದೆ, ಊಟದ ನಡುವೆ ಗುಟ್ಟುಗಳು ರಟ್ಟಾಗುತ್ತವೆ, ಅಷ್ಟರಲ್ಲಿ ಹಿರಿಯರೊಬ್ಬರು ಕುಸಿದು ಬೀಳುತ್ತಾರೆ, ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ, ಅಲ್ಲಿನ ಕ್ಯಾಂಟೀನಿನಲ್ಲಿ ಕುಣಿದು ಒಂದಾಗುತ್ತಾರೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕುಣಿಯುವ ಉತ್ಸಾಹ ಯಾರಿಗಾದರೂ ಬರಬಹುದೆಂಬುದನ್ನು ತೋರಿಸಿಕೊಟ್ಟದ್ದಕ್ಕಾಗಿಯೇ ನಿರ್ದೇಶಕಿ ಜೆಸ್ಸಿ ನೆಲ್ಸನ್ ಅವರನ್ನು ಅಭಿನಂದಿಸಬೇಕು.

ಆದರೆ ಚಿತ್ರದ ನಿಜವಾದ ಸಾಧನೆ ನಾಯಿಯದು. ಮೊದಲಿನಿಂದ ಕೊನೆಯವರೆಗೆ ಕಥೆಯನ್ನು ನಮಗೆ ವಿವರಿಸುವ ದನಿ ಸ್ಟೀವ್ ಮಾರ್ಟಿನ್ ಅವರದು. ಈ ಗೃಹಸ್ಥರು ಯಾರು, ಮನೆಯ ನೆಂಟರೇ, ನೆರೆಯವರೇ ಎಂದು ನಾವು ತಲೆ ಕೆಡಿಸಿಕೊಳ್ಳುತ್ತಿರುವಾಗ, ಮಾತನಾಡುತ್ತಿದ್ದುದು ಕೂಪರ್ ಮನೆಯ ನಾಯಿ ರ್‍ಯಾಗ್ಸ್ ಎಂಬ ಸತ್ಯ ಕೊನೆಯಲ್ಲಿ ಹೊರಬೀಳುತ್ತದೆ. ವಿಮಾನನಿಲ್ದಾಣದಲ್ಲಿ ಮಗಳು ಅಪರಿಚಿತ ಸೈನಿಕನೊಬ್ಬನನ್ನು ಭೇಟಿಯಾಗಿ, ಮನೆಯವರೆದುರು ತನ್ನ ಪ್ರಿಯಕರನಂತೆ ನಟಿಸಲು ಒಪ್ಪಿಸಿ ಕರೆತಂದದ್ದನ್ನೂ, ಚಿಕ್ಕಮ್ಮ ಅಂಗಡಿಯಲ್ಲಿ ಒಡವೆಯೊಂದನ್ನು ಬಾಯೊಳಗಿಟ್ಟುಕೊಂಡು ಕದ್ದು ಸಿಕ್ಕಿಬಿದ್ದು ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದನ್ನೂ, ಆ ಪೊಲೀಸನ ಮನಸ್ಸಿನಾಳದ ಗುಟ್ಟನ್ನೂ ಈ ಪ್ರಾಣಿ ಪಿಟ್ಸ್‌ಬರ್ಗಿನ ಮನೆಯಲ್ಲಿ ಕೂತೇ ತಿಳಿದಿತ್ತು.

ನಮ್ಮ ಪುರಾಣಕ್ಕೆ ಇಂಥ ನಾಯಿ ಹೊಸದಲ್ಲ ಎಂದು ಯಾರಾದರೂ ಹೇಳಬಹುದು. ಮಹಾಪ್ರಸ್ಥಾನದಲ್ಲಿ ಪಾಂಡವರ ಹಿಂದೆ ಹೊರಟ ನಾಯಿ ಸಾಕ್ಷಾತ್ ಧರ್ಮನೇ ಆಗಿತ್ತಲ್ಲವೇ. ನಿಜ, ಆದರೆ ಆ ನಾಯಿಗೆ ಸಂಯಮವಿತ್ತು. ದ್ರೌಪದಿ ಬಿದ್ದಳು, ಸಹದೇವ ಬಿದ್ದ, ನಕುಲ ಬಿದ್ದ, ಅರ್ಜುನ ಬಿದ್ದ, ಭೀಮನೂ ಬಿದ್ದ. ಯಾರು ಯಾವ ತಪ್ಪಿಗಾಗಿ ಬಿದ್ದರೆಂಬುದನ್ನು ಯುಧಿಷ್ಠಿರ ಹೇಳಿದನೇ ಹೊರತು ನಾಯಿ ನಡುವೆ ಬಾಯಿ ಹಾಕಲಿಲ್ಲ. ಮಾತನಾಡಿದ್ದು ನಿಜರೂಪ ತೋರಿದ ಮೇಲೆ. ಎಲ್ಲವನ್ನೂ ಬಲ್ಲವನು ಸುಮ್ಮನೆ ಜೊತೆಯಲ್ಲಿ ನಡೆದದ್ದರಿಂದಲೇ ಆ ಪ್ರಸಂಗಕ್ಕೆ ಇಷ್ಟು ತೂಕ. ರ್‍ಯಾಗ್ಸ್ ಹಾಗಲ್ಲ. ಪಾತ್ರವೊಂದು ಕಣ್ಣು ತುಂಬಿಕೊಂಡರೆ, ಅದು ಏಕೆ ತುಂಬಿಕೊಂಡಿತು ಎಂಬ ಟಿಪ್ಪಣಿ ಅದರ ಬಾಯಿಂದ ತಕ್ಷಣ ಬರುತ್ತದೆ.

ಇನ್ನು ಈ ಸಂಸಾರದ ಜಾತಕ. ಆಲನ್ ಆರ್ಕಿನ್ ಹುಟ್ಟಿದ್ದು 1934ರಲ್ಲಿ, ಅವರ ಹಿರಿಯ ಮಗಳಾಗಿ ನಟಿಸಿದ ಡಯಾನ್ ಕೀಟನ್ 1946ರ ಜನವರಿಯಲ್ಲಿ. ಅಂದರೆ ಅಪ್ಪನಿಗೆ ಮಗಳು ಹುಟ್ಟಿದಾಗ ಇನ್ನೂ 12 ತುಂಬಿರಲಿಲ್ಲ. ನಮ್ಮ ಬಾಲ್ಯವಿವಾಹದ ಕಾಲದವರೂ ಇಷ್ಟು ಅವಸರ ಮಾಡಿದಂತಿಲ್ಲ. ಕೀಟನ್ ಅವರ ತಂಗಿಯಾಗಿ ಬರುವ ಮಾರಿಸಾ ತೊಮೆಯ್ ಹುಟ್ಟಿದ್ದು 1964ರಲ್ಲಿ. ಅಕ್ಕತಂಗಿಯರ ನಡುವಿನ ಈ 18 ವರ್ಷಗಳ ಅಂತರಕ್ಕೆ ಮಾತ್ರ ನನ್ನ ತಕರಾರಿಲ್ಲ, ಏಕೆಂದರೆ ತಾಯಿ ಮತ್ತು ಹಿರಿಮಗಳು ಒಂದೇ ಕೋಣೆಯಲ್ಲಿ ಬಾಣಂತನ ಮಾಡಿಸಿಕೊಂಡ ಮನೆಗಳ ಕಥೆಗಳನ್ನು ಕೇಳಿಯೇ ನಾವು ಬೆಳೆದಿದ್ದೇವೆ. ಆದರೆ ಅಂಥ ಮನೆಗಳಲ್ಲಿ ತಂಗಿ ಅಕ್ಕನ ಮಡಿಲಲ್ಲೇ ಮಗುವಿನಂತೆ ಬೆಳೆಯುತ್ತಿದ್ದಳು. ಇಲ್ಲಿಯೋ, ಒಂದೇ ಗೊಂಬೆಗೆ ಜಗಳವಾಡಿದ ಓರಗೆಯವರಂತೆ ತಂಗಿ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆ. ನಟನೆಗೆ ಆಸ್ಕರ್ ಪಡೆದ ಮೂವರನ್ನು ಒಂದೇ ಮನೆಯಲ್ಲಿ ಕೂಡಿಹಾಕುವ ಸಂಭ್ರಮದಲ್ಲಿ ಕೂಡು-ಕಳೆ ಲೆಕ್ಕಕ್ಕೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ಇಷ್ಟರ ನಡುವೆಯೂ ಒಂದು ಒಳ್ಳೆಯ ಚಿತ್ರ ಇದರೊಳಗೆ ಅಡಗಿ ಕೂತಿದೆ ಎಂಬುದೇ ಬೇಸರದ ಸಂಗತಿ. ಆರ್ಕಿನ್ ಮಾಡಿದ ಬಕ್ಕಿ ಎಂಬ ಮುದುಕ ದಿನಾ ಒಂದೇ ಹೋಟೆಲಿಗೆ ಹೋಗುತ್ತಾನೆ, ಅಲ್ಲಿ ಊಟ ಬಡಿಸುವ ರೂಬಿಗೆ ಹಳೆಯ ಸಿನಿಮಾಗಳ ರುಚಿ ಹತ್ತಿಸಿರುತ್ತಾನೆ. ಅವಳು ಊರು ಬಿಟ್ಟು ಮಿಸಿಸಿಪ್ಪಿ ರಾಜ್ಯದ ಹಾಟ್ ಕಾಫಿ ಎಂಬ ಜಾಗಕ್ಕೆ ಹೋಗುವವಳಿದ್ದಾಳೆಂದು ತಿಳಿದಾಗ ಅವನಿಗೆ ಸಿಟ್ಟು ಬರುತ್ತದೆ. ಅಂಥ ಹೆಸರಿನ ಊರು ನಿಜವಾಗಿಯೂ ಇದೆ. ಬಿಸಿ ಕಾಫಿ ತಂದುಕೊಡುವವಳು ಬಿಸಿ ಕಾಫಿಗೇ ಹೊರಟುನಿಂತರೆ ಗಿರಾಕಿಯ ಗತಿಯೇನು! ಆ ಸಿಟ್ಟಿನ ಮರೆಯಲ್ಲಿರುವುದು ದಿನಕ್ಕೊಮ್ಮೆ ಮಾತನಾಡಿಸುವ ಒಂದೇ ಜೀವವೂ ಇಲ್ಲವಾಗುವ ಭಯವೆಂಬುದನ್ನು ಆರ್ಕಿನ್ ಬರಿಯ ದವಡೆ ಬಿಗಿಹಿಡಿದು ಕಾಣಿಸುತ್ತಾರೆ. ನಾನು ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣವನ್ನು ಕೆಳಗಿಟ್ಟದ್ದು ಆಗ ಮಾತ್ರ. ಆದರೆ ಅಂಥ ಹೆಸರಿಲ್ಲದ ಸಂಬಂಧವನ್ನು ಹಾಗೆಯೇ ಬಿಟ್ಟರೆ ಹಬ್ಬದ ಚಿತ್ರಕ್ಕೆ ಮೈಲಿಗೆಯಾಗುತ್ತದೆಯೋ ಏನೋ, ರೂಬಿಯನ್ನು ಅವನ ಮೊಮ್ಮಗನಿಗೆ ಗಂಟುಹಾಕುವ ಸೂಚನೆ ಕೊಟ್ಟು ಕೈತೊಳೆದುಕೊಳ್ಳಲಾಗಿದೆ.

ಆ ಮೊಮ್ಮಗನ ವಿಷಯಕ್ಕೆ ಬಂದರೆ ನನಗೆ ನಗು ಬರುವುದಿಲ್ಲ. ಅವನು ಅಂಗಡಿಯೊಂದರಲ್ಲಿ ಬೇರೆಯವರ ಸಂಸಾರಗಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದವನು. ಕೆಲಸ ಹೋಗಿದೆ, ಹೆಂಡತಿ ಬಿಟ್ಟಿದ್ದಾಳೆ, ಮೂರು ಮಕ್ಕಳಿದ್ದಾರೆ, ಕೆಲಸ ಹೋದದ್ದನ್ನು ಮನೆಯವರಿಂದ ಮುಚ್ಚಿಟ್ಟು ಹಬ್ಬದ ಹಿಂದಿನ ದಿನವೂ ಕೆಲಸ ಹುಡುಕುತ್ತಿದ್ದಾನೆ. ‘ಗದ್ದ ಸ್ವಲ್ಪ ಮೇಲೆ ಮಾಡಿ’ ಎನ್ನುತ್ತಿದ್ದ ನಮ್ಮ ಬೀದಿಯ ಸ್ಟುಡಿಯೋದವರು ಎಲ್ಲರ ಕೈಗೂ ಕ್ಯಾಮೆರಾ ಬಂದ ಮೇಲೆ ಬಾಗಿಲು ಮುಚ್ಚಿ ಏನಾದರೆಂದು ಯಾರೂ ಕೇಳಲಿಲ್ಲ; ಈ ಚಿತ್ರವೂ ಕೇಳುವುದಿಲ್ಲ. ಅದಕ್ಕೆ ಪುರುಸೊತ್ತಿರುವುದು ಅವನ ಪುಟ್ಟ ಮಗಳ ಬಾಯಿಗೆ ಹೊಲಸು ಬೈಗುಳವೊಂದನ್ನು ತುರುಕಿ ಮತ್ತೆ ಮತ್ತೆ ಹೇಳಿಸುವುದಕ್ಕೆ. ಮರೆವಿನ ಕಾಯಿಲೆಯ ಮುದುಕಿಯೊಬ್ಬರಿದ್ದಾರೆ. ಜೂನ್ ಸ್ಕ್ವಿಬ್ ಅವರಂಥ ನಟಿಯನ್ನು ಕೂರಿಸಿಕೊಂಡು, ಆ ಮರೆವನ್ನೇ ನಗೆಹನಿ ಮಾಡಿದ್ದಾರೆ. ಮನೆಯಲ್ಲಿ ಅಂಥವರೊಬ್ಬರನ್ನು ನೋಡಿಕೊಂಡವರು, ತಮ್ಮ ಹೆಸರನ್ನೇ ಅವರು ಮರೆತ ದಿನವನ್ನು ಕಂಡವರು, ಇದನ್ನು ಬರೆದಿರಲಾರರು. ಸಾಕಾಗಿದೆ. ಸಂಸಾರವೆಂದರೆ ಅಪರಿಪೂರ್ಣವೆಂದು ಹಿನ್ನೆಲೆಯ ಹಾಡಿನೊಂದಿಗೆ ಸಾರುವುದು, ಆ ಅಪರಿಪೂರ್ಣತೆ ನಿಜವಾಗಿ ಎದುರಾದಾಗ ನಾಯಿಯನ್ನು ಮುಂದೆ ಬಿಟ್ಟು ಓಡಿಹೋಗುವುದು.

ಶೀರ್ಷಿಕೆಯಲ್ಲೂ ಒಂದು ಓಟವಿದೆ. ಕ್ರಿಸ್ಮಸ್ ಶುಭಾಶಯಪತ್ರದ ಕೊನೆಯಲ್ಲಿ ‘ಪ್ರೀತಿಯಿಂದ, ಕೂಪರ್ ಮನೆಯವರು’ ಎಂದು ಬರೆಯುವ ರೂಢಿಯಿಂದ ಹುಟ್ಟಿದ ಈ ಹೆಸರಿನಿಂದ ಅಲ್ಪವಿರಾಮ ಬಿದ್ದುಹೋಗಿ, ಅದು ‘ಕೂಪರ್ ಮನೆಯವರನ್ನು ಪ್ರೀತಿಸಿ’ ಎಂಬ ಅಪ್ಪಣೆಯಾಗಿ ನಿಂತಿದೆ. ಬ್ರಿಟನ್ನಿನವರು ಆ ಅಪ್ಪಣೆಗೆ ಒಪ್ಪದೆ ‘ಕ್ರಿಸ್ಮಸ್ ವಿತ್ ದ ಕೂಪರ್ಸ್’ ಎಂದು ಹೆಸರು ಬದಲಿಸಿಕೊಂಡರು. ಹಬ್ಬದ ಒಂದು ದಿನವೇನೋ ಜೊತೆಗಿರುತ್ತೇವೆ, ಪ್ರೀತಿಯ ಮಾತು ಆಮೇಲೆ ನೋಡೋಣ ಎಂಬಂತೆ.

ಆರ್ಕಿನ್ 2023ರಲ್ಲಿ ತೀರಿಕೊಂಡರು, ಕೀಟನ್ 2025ರ ಅಕ್ಟೋಬರಿನಲ್ಲಿ. ಆ ಸುಳ್ಳು ಅಪ್ಪ, ಸುಳ್ಳು ಮಗಳು ಇಬ್ಬರೂ ಈಗಿಲ್ಲ ಎಂಬುದು ನೆನಪಾಗಿ, ಅವರು ಒಟ್ಟಿಗೆ ಪರದೆಯ ಮೇಲೆ ಬಂದಾಗ ಒಂದು ಮಾತೂ ತಪ್ಪದಿರಲೆಂದು ನಾನು ಟೀವಿಯ ಸದ್ದನ್ನು ಹೆಚ್ಚಿಸಿ ಮುಂದಕ್ಕೆ ಬಾಗಿ ಕೂತೆ. ನಾಯಿ ವಿವರಿಸಲು ಶುರುಮಾಡಿತು.