ರೀಲು ಇನ್ನೂ ಬೇಕಾ?

ಪ್ರಶ್ನೆ ಇಷ್ಟೇ: ಡಿಜಿಟಲ್ ಕ್ಯಾಮೆರಾಗಳು ಇಷ್ಟು ಚೆನ್ನಾಗಿರುವಾಗ ಬೆಂಗಳೂರಿನಲ್ಲಿ ಸಿನಿಮಾ ಮಾಡುವವರಿಗೆ ಫಿಲ್ಮ್ ಇನ್ನೂ ಬೇಕಾ? ಬೇಕು ಅನ್ನುವವರು ಫಿಲ್ಮ್ ಕಾಲದಲ್ಲಿ ಅಸಿಸ್ಟೆಂಟ್ ಆಗಿ ಸೇರಿ ಛಾಯಾಗ್ರಾಹಕರಾದವರು. ಬೇಡ ಅನ್ನುವವರು ಎರಡು ಸಣ್ಣ ಬಜೆಟ್ಟಿನ ಚಿತ್ರ ಮಾಡಿದ ನಿರ್ದೇಶಕಿ.

ಪರ: ಬೇಕು

ಕ್ಯಾಮೆರಾ ಅಸಿಸ್ಟೆಂಟ್ ಆಗಿ ಸೇರಿದಾಗ ನಾನು ಮೊದಲು ಕಲಿತದ್ದು ಕತ್ತಲಲ್ಲಿ ಕೆಲಸ ಮಾಡುವುದನ್ನು. ಚೇಂಜಿಂಗ್ ಬ್ಯಾಗಿನೊಳಗೆ ಎರಡೂ ಕೈ ತೂರಿಸಿ, ಕ್ಯಾನಿನಿಂದ ರೋಲು ತೆಗೆದು ಮ್ಯಾಗಜೀನಿಗೆ, ಅಂದರೆ ಕ್ಯಾಮೆರಾದ ಫಿಲ್ಮ್ ಡಬ್ಬಿಗೆ, ಹಾಕಬೇಕು. ಕಣ್ಣಿಗೆ ಏನೂ ಕಾಣುವುದಿಲ್ಲ, ಎಲ್ಲ ಬೆರಳಿನ ಲೆಕ್ಕ. ಒಂಚೂರು ಬೆಳಕು ಒಳಗೆ ಹೋದರೆ ರೋಲು ಹಾಳು, ನಿರ್ಮಾಪಕರ ದುಡ್ಡೂ ಹಾಳು. ಮೊದಲ ಒಂದು ತಿಂಗಳು ನಮ್ಮ ಗುರುಗಳು ನನಗೆ ಹಳೇ ರೋಲು ಕೊಟ್ಟು ಸುಮ್ನೆ ಹಾಕು, ತೆಗೆ, ಹಾಕು, ತೆಗೆ ಅಂತ ಮಾಡಿಸುತ್ತಿದ್ದರು.

ಆ ಕಾಲದ ಲೆಕ್ಕ ಇನ್ನೂ ನನ್ನ ತಲೆಯಲ್ಲಿದೆ. 35 ಎಂಎಂ ಫಿಲ್ಮಿನ ಒಂದು ಅಡಿಗೆ 16 ಫ್ರೇಮು. ಸೆಕೆಂಡಿಗೆ 24 ಫ್ರೇಮು ಓಡಬೇಕು, ಅಂದರೆ ನಿಮಿಷಕ್ಕೆ 90 ಅಡಿ. 400 ಅಡಿಯ ರೋಲು ನಾಲ್ಕೂವರೆ ನಿಮಿಷದೊಳಗೆ ಖಾಲಿ. ಎರಡೂಕಾಲು ಗಂಟೆಯ ಸಿನಿಮಾಗೆ 12,150 ಅಡಿ ಬೇಕು. ಪ್ರತಿ ಶಾಟನ್ನೂ ಸರಾಸರಿ ನಾಲ್ಕು ಸಲ ತೆಗೆದರೆ 48,600 ಅಡಿ. ಅಂಥ ರೋಲು 120ಕ್ಕೂ ಜಾಸ್ತಿ. ಪ್ರೊಡಕ್ಷನ್ ಮ್ಯಾನೇಜರ್ ದಿನಾ ಸಂಜೆ ಉಳಿದ ಕ್ಯಾನುಗಳನ್ನು ಎಣಿಸುತ್ತಿದ್ದರು.

ಈ ಕೊರತೆಯೇ ನಮಗೆ ಪಾಠ ಕಲಿಸಿತು. ರೋಲ್ ಅನ್ನುವ ಮೊದಲೇ ನಿರ್ದೇಶಕರು ತೀರ್ಮಾನ ಮಾಡಿರಬೇಕಿತ್ತು. ಕ್ಯಾಮೆರಾ ಎಲ್ಲಿ, ಪಾತ್ರ ಯಾವ ಮಾತಿಗೆ ತಿರುಗಬೇಕು, ಎಲ್ಲಿ ಕಟ್. ಮೂರು, ನಾಲ್ಕು ರಿಹರ್ಸಲ್ ಆಗುತ್ತಿತ್ತು. ಆಮೇಲೆ ಮೋಟರಿನ ಗರಗರ ಸದ್ದು ಶುರುವಾದರೆ ಲೈಟ್ ಬಾಯ್‌ಗಳೂ ಉಸಿರು ಬಿಗಿ ಹಿಡಿಯುತ್ತಿದ್ದರು. ನಟನಿಗೆ ಆ ಸದ್ದು ಕೇಳುತ್ತಿತ್ತು. ಈಗಲೇ, ಇದೊಂದು ಸಲವೇ ಅನ್ನುವುದು ಅವನ ಮೈಗೆ ಗೊತ್ತಾಗುತ್ತಿತ್ತು.

ಈಗಿನ ಸೆಟ್ಟುಗಳಲ್ಲಿ ನನಗೆ ನಿಜಕ್ಕೂ ಬೇಸರ ತರುವುದು ಮಾನಿಟರಿನ ಟೆಂಟು. ಫಿಲ್ಮ್ ಕಾಲದಲ್ಲಿ ನಿರ್ದೇಶಕರು ಲೆನ್ಸಿನ ಪಕ್ಕ ನಿಂತು ನಟನ ಕಣ್ಣನ್ನೇ ನೋಡುತ್ತಿದ್ದರು. ನೋಡಲು ಬೇರೆ ಏನೂ ಇರಲಿಲ್ಲ. ಕಟ್ ಅಂದ ಕೂಡಲೇ ನಟ ಮೊದಲು ನೋಡುತ್ತಿದ್ದದ್ದು ಅವರ ಮುಖವನ್ನು. ಈಗ ನಿರ್ದೇಶಕರು ಐವತ್ತು ಅಡಿ ದೂರದಲ್ಲಿ ಕಪ್ಪು ಬಟ್ಟೆಯೊಳಗೆ ಕೂತಿರುತ್ತಾರೆ. ಅವರ ಹಿಂದೆ ಏಳೆಂಟು ಜನ. ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. "ಇನ್ನೊಂದು ಹೋಗೋಣ" ಅಂತ ಮೈಕಿನಲ್ಲಿ ಮಾತು ಬರುತ್ತದೆ. ಯಾಕೆ ಇನ್ನೊಂದು ಅಂತ ನಟನಿಗೆ ಯಾರೂ ಹೇಳುವುದಿಲ್ಲ.

ಇನ್ನು ಬೆಳಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಬ್ಬನ್ ಪಾರ್ಕಿನ ಮರದ ಕೆಳಗೆ ಒಬ್ಬರನ್ನು ನಿಲ್ಲಿಸಿ. ಎಲೆಗಳ ಸಂದಿಯಿಂದ ಬಿಸಿಲು ಚುಕ್ಕೆಚುಕ್ಕೆಯಾಗಿ ಮುಖದ ಮೇಲೆ ಬೀಳುತ್ತದೆ. ನೆಗೆಟಿವ್ ಆ ಬಿಸಿಲಿನ ಚುಕ್ಕೆಯನ್ನು ಮೆಲ್ಲಗೆ, ಹಂತಹಂತವಾಗಿ ಬಿಳಿಯ ಕಡೆಗೆ ಒಯ್ಯುತ್ತದೆ. ಫಿಲ್ಮಿನಲ್ಲಿರುವ ಬೆಳ್ಳಿಯ ಹರಳುಗಳು ಎಲ್ಲವೂ ಒಂದೇ ಗಾತ್ರದವಲ್ಲ. ದೊಡ್ಡವು ಬೇಗ ಬೆಳಕು ಹಿಡಿಯುತ್ತವೆ, ಚಿಕ್ಕವು ತಡವಾಗಿ. ಹಾಗಾಗಿ ಜೋರು ಬೆಳಕಿಗೂ ಅಲ್ಲಿ ಒಂದಿಷ್ಟು ಜಾಗ ಉಳಿದಿರುತ್ತದೆ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಹಾಗಲ್ಲ. ಮಿತಿ ದಾಟಿದರೆ ಅಲ್ಲಿಗೆ ಮುಗಿಯಿತು. ಆ ಜಾಗದಲ್ಲಿ ಚರ್ಮವೂ ಇಲ್ಲ, ಬಣ್ಣವೂ ಇಲ್ಲ, ಆಮೇಲೆ ಡಿಐನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬಣ್ಣ, ಬೆಳಕು ತಿದ್ದುವಾಗ, ಎಷ್ಟು ಹುಡುಕಿದರೂ ಸಿಗುವುದಿಲ್ಲ. 2022ರಲ್ಲಿ ಬಂದ ಅಲೆಕ್ಸಾ 35 ಕ್ಯಾಮೆರಾ ಕತ್ತಲಿಂದ ಬೆಳಕಿನವರೆಗೆ 17 ಸ್ಟಾಪ್ ತನಕ (ಒಂದೊಂದು ಸ್ಟಾಪಿಗೂ ಬೆಳಕು ಎರಡರಷ್ಟಾಗುತ್ತದೆ) ಹಿಡಿಯುತ್ತದೆ ಅಂತ ಆರಿ ಕಂಪನಿ ಹೇಳುತ್ತದೆ. ನಿಜಕ್ಕೂ ಒಳ್ಳೇ ಕ್ಯಾಮೆರಾ. ಆದರೆ ಚಿತ್ರಕ್ಕೆ ಗ್ರೇನಿನಂಥ, ಅಂದರೆ ಫಿಲ್ಮಿನಲ್ಲಿ ಕಾಣುವ ಸಣ್ಣ ಕಾಳುಗಳಂಥ, ಟೆಕ್ಸ್ಚರ್ ಸೇರಿಸುವ ಸೌಲಭ್ಯವನ್ನೂ ಅದರಲ್ಲೇ ಕೊಟ್ಟಿದ್ದಾರೆ. ಅಂದರೆ ಅವರ ಕಣ್ಣಿಗೂ ಅಳತೆಗೋಲು ಫಿಲ್ಮೇ.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಗಿರೀಶ್ ಕಾಸರವಳ್ಳಿಯವರ ಘಟಶ್ರಾದ್ಧ 1977ರದ್ದು. 2024ರಲ್ಲಿ ಅದರ ಮೂಲ ನೆಗೆಟಿವ್‌ನಿಂದಲೇ ಚಿತ್ರವನ್ನು ಹೊಸದಾಗಿ ಸ್ಕ್ಯಾನ್ ಮಾಡಿ, ಸರಿಪಡಿಸಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. 47 ವರ್ಷ! ನೆಗೆಟಿವ್ ಓದಲು ಸಾಫ್ಟ್‌ವೇರ್ ಬೇಡ, ಪಾಸ್‌ವರ್ಡ್ ಬೇಡ. ದೀಪದ ಮುಂದೆ ಹಿಡಿದರೆ ಚಿತ್ರ ಕಾಣುತ್ತದೆ. ನನ್ನ ಗೆಳೆಯರೊಬ್ಬರು 2011ರಲ್ಲಿ ಡಿಜಿಟಲ್‌ನಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದರು. ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರು. ಹತ್ತು ವರ್ಷದ ನಂತರ ತೆರೆಯಲು ಹೋದರೆ ಒಂದು ಸ್ಟಾರ್ಟೇ ಆಗಲಿಲ್ಲ, ಇನ್ನೊಂದರಲ್ಲಿ ಅರ್ಧ ಫೈಲು ಇರಲಿಲ್ಲ. ಅದರಲ್ಲಿ ಮಾತಾಡಿದ್ದ ಮೂವರು ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಆ ದಿನ ನನ್ನ ಗೆಳೆಯರು ಫೋನಿನಲ್ಲಿ ಅತ್ತದ್ದನ್ನು ನಾನು ಮರೆತಿಲ್ಲ.

ಎಲ್ಲರೂ ರೀಲಿನಲ್ಲೇ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಛಾಯಾಗ್ರಹಣ ಕಲಿಯುವ ಪ್ರತಿ ಹುಡುಗ, ಹುಡುಗಿ ಒಂದೇ ಒಂದು ರೋಲನ್ನಾದರೂ 16 ಎಂಎಂನಲ್ಲಿ ತೆಗೆಯಲಿ. 400 ಅಡಿಗೆ ಹನ್ನೊಂದು ನಿಮಿಷ ಸಿಗುತ್ತದೆ. ಕೈಯಲ್ಲಿ ಹನ್ನೊಂದೇ ನಿಮಿಷ ಇದ್ದಾಗ ಏನನ್ನು ತೆಗೆಯಬೇಕು ಅಂತ ಅವರು ಯೋಚಿಸಲಿ. ಡಿಜಿಟಲ್‌ನಲ್ಲಿ ಮುಗಿದ ಒಳ್ಳೆಯ ಕನ್ನಡ ಚಿತ್ರಗಳ ಒಂದು ಪ್ರತಿಯನ್ನು ಫಿಲ್ಮ್ ನೆಗೆಟಿವ್ ಆಗಿಯೂ ಮಾಡಿ ಇಡಲಿ. ಅಷ್ಟಕ್ಕಾದರೂ ಫಿಲ್ಮ್ ಬೇಕು.

ವಿರೋಧ: ಬೇಡ

ಫಿಲ್ಮ್ ಕಾಲದಲ್ಲಿ ಹುಟ್ಟಿದ್ದರೆ ನಾನು ನಿರ್ದೇಶಕಿ ಆಗುತ್ತಲೇ ಇರಲಿಲ್ಲ. ನನ್ನ ಮಾತು ಶುರುವಾಗುವುದೇ ಇಲ್ಲಿಂದ.

ಮೇಲೆ ಬರೆದವರು ನನಗೆ ಅಣ್ಣನ ಹಾಗೆ. ನನ್ನ ಮೊದಲ ಚಿತ್ರಕ್ಕೆ ಲೆನ್ಸ್ ಕೊಟ್ಟವರು ಅವರೇ. ಅವರ 120 ರೋಲಿನ ಲೆಕ್ಕ ಸರಿಯಾಗಿದೆ. ಆದರೆ ಆ ರೋಲುಗಳನ್ನು ಯಾರು ಕೊಳ್ಳುತ್ತಿದ್ದರು? ಗಾಂಧಿನಗರದಲ್ಲಿ ಆಫೀಸು ಇದ್ದವರು, ಹಣ ಹಾಕುವವರ ಪರಿಚಯ ಇದ್ದವರು. ಆ ಕೊರತೆ ಒಳಗಿದ್ದವರಿಗೆ ಪಾಠ ಕಲಿಸಿತು, ಒಪ್ಪುತ್ತೇನೆ. ಹೊರಗಿದ್ದವರಿಗೆ ಅದು ಬಾಗಿಲನ್ನೇ ಮುಚ್ಚಿತ್ತು. ಚಾಮರಾಜಪೇಟೆಯ ವಠಾರದಲ್ಲಿ ಬೆಳೆದ ಹುಡುಗಿಗೆ ಯಾರು ಕ್ಯಾನು ಕೊಡುತ್ತಿದ್ದರು ಹೇಳಿ.

ನನ್ನ ಮೊದಲ ಚಿತ್ರದ ಮುಖ್ಯ ಪಾತ್ರಕ್ಕೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂ ಕಟ್ಟುವ ಒಬ್ಬ ಅಜ್ಜಿ ಬೇಕಿತ್ತು. ನಟಿ ಬೇಡ, ನಿಜವಾಗಿ ಹೂ ಕಟ್ಟುವವರೇ ಬೇಕು ಅಂತ ನನ್ನ ಹಟ. ಸಿಕ್ಕರು. ಕ್ಯಾಮೆರಾ ಆನ್ ಆದ ಕೂಡಲೇ ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿ ಮಾಡಿಕೊಂಡು, ಪಾಠ ಒಪ್ಪಿಸುವ ಹಾಗೆ ಮಾತಾಡುತ್ತಿದ್ದರು. ನಾನು ಕಟ್ ಹೇಳಲಿಲ್ಲ. ಕ್ಯಾಮೆರಾ ಓಡುತ್ತಾ ಇತ್ತು, ನಾವು ಸುಮ್ನೆ ಮಾತಾಡುತ್ತಾ ಕೂತೆವು. ನಲವತ್ತು ನಿಮಿಷದ ನಂತರ ಅವರು ಕ್ಯಾಮೆರಾವನ್ನು ಮರೆತರು. ಕೈ ತಾನಾಗಿ ಓಡತೊಡಗಿತು, ಸೊಸೆಯ ಮೇಲಿನ ಸಿಟ್ಟು ತಾನಾಗಿ ಹೊರಗೆ ಬಂತು. ನಾನು ಬಳಸಿದ್ದು ಕೊನೆಯ ಮೂರು ನಿಮಿಷವನ್ನು. ಅಣ್ಣನ ಲೆಕ್ಕದಲ್ಲಿ ನಲವತ್ತು ನಿಮಿಷ ಅಂದರೆ 3,600 ಅಡಿ, ಒಂಬತ್ತು ರೋಲು. ಯಾವ ನಿರ್ಮಾಪಕರು ಅದಕ್ಕೆ ಹೂಂ ಅನ್ನುತ್ತಿದ್ದರು? ರಿಹರ್ಸಲ್ ಮಾಡಿಸಿ, ಇದೊಂದು ಸಲವೇ ಅಂತ ಹೆದರಿಸಿದ್ದರೆ ಆ ಅಜ್ಜಿ ನನಗೆ ಸಿಗುತ್ತಲೇ ಇರಲಿಲ್ಲ.

ಅದೇ ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಇರುವ ಬೆಳಕು ಎಷ್ಟು? ಅಂಗಡಿಯವರ ಬಲ್ಬು, ಒಂದೆರಡು ಟ್ಯೂಬ್‌ಲೈಟು. ಸಿನಿಮಾಗೆ ಅಂತ ಕೊಡಾಕ್ ಮಾಡುವ ನೆಗೆಟಿವ್‌ನಲ್ಲಿ ಅತಿ ವೇಗದ್ದು, ಅಂದರೆ ಅತಿ ಕಡಿಮೆ ಬೆಳಕು ಸಾಕಾಗುವಂಥದ್ದು, 500 ಎಎಸ್‌ಎ. ಈಗಿನ ಸೋನಿ ವೆನಿಸ್ 2 ಕ್ಯಾಮೆರಾದ ಎರಡನೇ ಬೇಸ್, ಅಂದರೆ ಕಡಿಮೆ ಬೆಳಕಿಗೆ ಅಂತಲೇ ಇರುವ ಸೆಟ್ಟಿಂಗು, 3200. ಅಂದರೆ ಹೆಚ್ಚುಕಮ್ಮಿ ಆರನೇ ಒಂದು ಪಾಲು ಬೆಳಕು ಸಾಕು. ಅಲ್ಲಿ ಜನರೇಟರ್ ತಂದು ದೊಡ್ಡ ಲೈಟ್ ಹಾಕಿದರೆ ಏನಾಗುತ್ತದೆ? ಮಾರ್ಕೆಟ್ಟು ನಿಂತುಹೋಗುತ್ತದೆ. ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. ನಮ್ಮ ಯೂನಿಟ್ಟಿನಲ್ಲಿ ಒಂಬತ್ತೇ ಜನ ಇದ್ದೆವು. ಹೂವಿನ ಮೂಟೆ ಹೊತ್ತವರು ನಮ್ಮನ್ನು "ಸ್ವಲ್ಪ ಸರೀರಿ" ಅಂತ ತಳ್ಳಿಕೊಂಡು ಹೋಗುತ್ತಿದ್ದರು. ನನಗೆ ಬೇಕಿದ್ದದ್ದು ಅದೇ.

ಹಳೆಯವರು ರಶಸ್, ಅಂದರೆ ತೆಗೆದ ಶಾಟುಗಳ ಮೊದಲ ಪ್ರಿಂಟು, ನೋಡುತ್ತಿದ್ದ ಕಥೆ ಕೇಳಿದ್ದೀರಾ? ನೆಗೆಟಿವ್ ರೈಲಿನಲ್ಲಿ ಮದ್ರಾಸಿಗೆ ಹೋಗಿ, ತೊಳೆದು, ಪ್ರಿಂಟಾಗಿ ಬರಬೇಕಿತ್ತು. ಅಷ್ಟರಲ್ಲಿ ಸೆಟ್ಟು ಬಿಚ್ಚಿರುತ್ತಿದ್ದರು. ಫೋಕಸ್ ತಪ್ಪಿದ್ದು ಆಗ ಗೊತ್ತಾದರೆ ಮುಗಿದೇ ಹೋಯಿತು. ಈಗ ಕ್ಯಾನು ಅದಕ್ಕಿಂತಲೂ ದೂರದ ಮಾತು. ಫ್ಯೂಜಿ 2013ಕ್ಕೆ ಸಿನಿಮಾ ಶೂಟಿಂಗ್ ಫಿಲ್ಮ್ ಮಾಡುವುದನ್ನೇ ನಿಲ್ಲಿಸಿತು. ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಹೇಗೋ ಉಳಿದುಕೊಂಡಿತು. ಆರಿ, ಪ್ಯಾನಾವಿಷನ್, ಆಟನ್ ಕಂಪನಿಗಳು ಹೊಸ ಫಿಲ್ಮ್ ಕ್ಯಾಮೆರಾ ಮಾಡುವುದನ್ನು ಬಿಟ್ಟು ಹತ್ತು ವರ್ಷದ ಮೇಲಾಯಿತು. ಬಹುಪಾಲು ಒಂದೇ ಕಂಪನಿಯನ್ನು ನಂಬಿಕೊಂಡು ನಮ್ಮ ಸಣ್ಣ ಚಿತ್ರಗಳನ್ನು ಕಟ್ಟೋಣವೇ?

ಇಷ್ಟೆಲ್ಲ ಮಾಡಿ ಫಿಲ್ಮಿನಲ್ಲೇ ತೆಗೆದರೂ ಅದನ್ನು ಸ್ಕ್ಯಾನ್ ಮಾಡಲೇಬೇಕು. ಡಿಐ ಆಗಿ, ಫೈಲಾಗಿ, ಕೆಂಪೇಗೌಡ ರಸ್ತೆಯ ಥಿಯೇಟರಿಗೆ ಹೋಗುವುದು ಡಿಜಿಟಲ್ ಪ್ರೊಜೆಕ್ಟರಿಗೇ. ಪ್ರೇಕ್ಷಕರಿಗೆ ಸಿಗುವುದು ಕೊನೆಗೆ ಡಿಜಿಟಲ್ಲೇ, ಅಲ್ವಾ?

ಬೆಳಕಿನ ಮಾತಿಗೆ ಬರೋಣ. ಅಣ್ಣ ಯಾವಾಗಲೂ ವಿ.ಕೆ. ಮೂರ್ತಿಯವರ ಹೆಸರು ಹೇಳುತ್ತಾರೆ. ಮೈಸೂರಿನವರು, ನಮ್ಮ ಬೆಂಗಳೂರಿನ ಎಸ್‌ಜೆಪಿ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತವರು, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. 1959ರ ಕಾಗಜ್ ಕೆ ಫೂಲ್ ಚಿತ್ರದಲ್ಲಿ ಮೇಲಿನಿಂದ ಇಳಿಯುವ ಆ ಬೆಳಕಿನ ಕೋಲಿಗೆ ಅವರು ಸೂರ್ಯನ ಬಿಸಿಲನ್ನೇ ಕನ್ನಡಿಗಳಲ್ಲಿ ತಿರುಗಿಸಿ ಒಳಗೆ ತಂದರು. ಹಾಗೆ ಮಾಡಬೇಕು ಅಂತ ಹೊಳೆದದ್ದು ಅವರಿಗೆ, ಅದು ರೀಲಿನ ಗುಣವಲ್ಲ. ಕೈಯಲ್ಲಿ ಡಿಜಿಟಲ್ ಕ್ಯಾಮೆರಾ ಇದ್ದಿದ್ದರೂ ಅವರು ಆ ಕನ್ನಡಿಗಳನ್ನೇ ತರಿಸುತ್ತಿದ್ದರು. ಕಬ್ಬನ್ ಪಾರ್ಕಿನ ಬಿಸಿಲು ಸೆನ್ಸರಿನಲ್ಲಿ ಸುಡುತ್ತದೆ, ನಿಜ. ನಾನೂ ಒಮ್ಮೆ ಸುಟ್ಟಿದ್ದೇನೆ. ಆಮೇಲೆ ಬಿಸಿಲಿನ ಚುಕ್ಕೆಗೆ ಎಕ್ಸ್‌ಪೋಸ್ ಮಾಡಿ ನೆರಳನ್ನು ಡಿಐನಲ್ಲಿ ಮೇಲೆತ್ತಲು ಕಲಿತೆ. ಫಿಲ್ಮಿನವರು ನೆರಳನ್ನು ಕಾಯುತ್ತಿದ್ದರು, ನಾವು ಬಿಸಿಲನ್ನು ಕಾಯುತ್ತೇವೆ. ಮಾನಿಟರ್ ಟೆಂಟಿನ ವಿಷಯದಲ್ಲಿ ಅಣ್ಣನ ಮಾತು ಪೂರ್ತಿ ಸರಿ. ಅದಕ್ಕೇ ನಾನು ಅಂಗೈಯಗಲದ ಮಾನಿಟರ್ ಹಿಡಿದು ಲೆನ್ಸಿನ ಪಕ್ಕವೇ ನಿಲ್ಲುತ್ತೇನೆ. ಅದಕ್ಕೆ ಕೊಡಾಕ್ ಬೇಕಿಲ್ಲ.

ಉಳಿಸುವ ಮಾತು ಮಾತ್ರ ನನ್ನನ್ನು ತುಂಬಾ ಕಾಡಿದೆ. ಘಟಶ್ರಾದ್ಧದ ನೆಗೆಟಿವ್ ಉಳಿದದ್ದು ರೀಲು ಗಟ್ಟಿ ಇತ್ತು ಅಂತಲ್ಲ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದವರು ಅದನ್ನು ಕಾಪಾಡಿಕೊಂಡು ಬಂದರು ಅಂತ. ಕನ್ನಡದ ಮೊದಲ ಟಾಕಿ, 1934ರ ಸತಿ ಸುಲೋಚನಾ, ಇವತ್ತು ಎಲ್ಲಿದೆ? ಒಂದು ಪ್ರಿಂಟೂ ಇಲ್ಲ. ಅದೂ ರೀಲಿನಲ್ಲೇ ಇತ್ತು. ಅಸಿಟೇಟ್ ಫಿಲ್ಮ್ ಸೆಖೆಗೆ, ತೇವಕ್ಕೆ ಕೊಳೆತು ವಿನೆಗರ್ ವಾಸನೆ ಹೊಡೆಯುತ್ತದೆ, ಸುರುಟಿಕೊಳ್ಳುತ್ತದೆ. ಅದಕ್ಕೂ ಹಿಂದಿನ ನೈಟ್ರೇಟ್ ಫಿಲ್ಮ್ ಹೊತ್ತಿ ಉರಿಯುವಂಥದ್ದು. 2003ರಲ್ಲಿ ಪುಣೆಯಲ್ಲಿ ಬೆಂಕಿ ಬಿದ್ದು ಅಂಥ ಎಷ್ಟೋ ರೀಲುಗಳು ಹೋದವು. ನಮ್ಮ ದೇಶದಲ್ಲಿ ಎಷ್ಟೋ ಚಿತ್ರಗಳ ರೀಲನ್ನು ಒಳಗಿನ ಬೆಳ್ಳಿಗೋಸ್ಕರ ಮಾರಿದ್ದಾರೆ. ದೀಪದ ಮುಂದೆ ಹಿಡಿದು ನೋಡಲು ಮೊದಲು ರೀಲು ಇರಬೇಕಲ್ಲ.

ಡಿಜಿಟಲ್ ಕಷ್ಟವೂ ನನಗೆ ಗೊತ್ತು. ಕ್ಯಾಮೆರಾದಿಂದ ನೇರವಾಗಿ ಬರುವ ರಾ ಫೈಲು ಗಂಟೆಗೆ ಒಂದು ಟೆರಾಬೈಟ್ ದಾಟುತ್ತದೆ. ಫೈಲುಗಳನ್ನು ಬಹುಕಾಲ ಉಳಿಸಿಡುವ ಎಲ್‌ಟಿಒ ಟೇಪಿನಲ್ಲಿ ಹಾಕಿದರೂ ಒಂದೆರಡು ತಲೆಮಾರಿನ ಆಚೆಯ ಟೇಪನ್ನು ಹೊಸ ಡ್ರೈವ್ ಓದುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಹೊಸದಕ್ಕೆ ಇಳಿಸುತ್ತಲೇ ಇರಬೇಕು. ಅಣ್ಣನ ಗೆಳೆಯರ ಎರಡು ಹಾರ್ಡ್ ಡಿಸ್ಕು ಒಂದೇ ಬೀರುವಿನಲ್ಲಿ ಹತ್ತು ವರ್ಷ ಮಲಗಿದ್ದವು. ನಾನು ಮೂರು ಪ್ರತಿ ಇಡುತ್ತೇನೆ, ಒಂದು ಊರಿನಲ್ಲಿ ಅಕ್ಕನ ಮನೆಯಲ್ಲಿದೆ. ಪ್ರತಿ ಯುಗಾದಿಗೆ ಮೂರನ್ನೂ ತೆರೆದು ನೋಡುತ್ತೇನೆ. ಮುಗಿದ ಚಿತ್ರದ ನೆಗೆಟಿವ್ ಪ್ರತಿಯನ್ನು ಚಲನಚಿತ್ರ ಅಕಾಡೆಮಿ ತನ್ನ ಖರ್ಚಿನಲ್ಲಿ ಮಾಡಿಸಿ, ತಂಪು ಕೋಣೆಯಲ್ಲಿ ಇಡುವುದಾದರೆ ನಾನೇ ಮೊದಲು ಹೋಗಿ ಕೊಟ್ಟು ಬರುತ್ತೇನೆ. ಆ ಭಾರವನ್ನು ಮೊದಲ ಸಿನಿಮಾ ಮಾಡುವವರ ತಲೆ ಮೇಲೆ ಹಾಕಬೇಡಿ.

ಆ ದಿನ ಸಂಜೆಯೇ ನಾನು ಅಜ್ಜಿಗೆ ಅವರ ಮೂರು ನಿಮಿಷವನ್ನು ತೋರಿಸಿದೆ. ಚಿಕ್ಕ ಮಾನಿಟರನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಮೇಲೇರಿಸಿಕೊಂಡು ನೋಡಿದರು. ತಮ್ಮ ಮುಖದ ಬಗ್ಗೆ ಏನೂ ಹೇಳಲಿಲ್ಲ. "ನನ್ನ ಕೈ ಸರಿಯಾಗಿ ಕಾಣ್ತಿಲ್ಲ. ನಾಳೆ ಇನ್ನೂ ಹತ್ರ ಇಡಮ್ಮ ಅದನ್ನ" ಅಂದರು. ಮಾರನೇ ದಿನ ಹತ್ತಿರ ಇಟ್ಟೆ. ಚಿತ್ರ ಶುರುವಾಗುವುದು ಆ ಶಾಟಿನಿಂದ.