ಪೆಟ್ಟಿಗೂ ಟೆಂಡರು

ಶನಿವಾರ ಸಂಜೆ ಏಳೂವರೆಗೆ ನಮ್ಮ ಮನೆ ಜಗುಲಿ ಕೋರ್ಟಾಗುತ್ತದೆ. ಶಿರಸಿಯಿಂದ ಹತ್ತು ಮೈಲಿ ಒಳಗಿರುವ ನಮ್ಮ ಕೇರಿಯಲ್ಲಿ ಮಳೆಗಾಲದಲ್ಲೂ ನೆಟ್ ಸಿಗುವುದು ನಮ್ಮಲ್ಲಿ ಮಾತ್ರ. ಕೆಳಗಿನ ಮನೆ ಹೆಗಡೇರ ಮಗಳು ಆರು ವರ್ಷದ ಮಾಣಿಯನ್ನು ಕರೆದುಕೊಂಡು ಮ್ಯಾಂಚೆಸ್ಟರಿನಿಂದ ತವರಿಗೆ ಬಂದು ವರ್ಷವಾಯಿತು. ಗಂಡ ಹೊಡೆಯುತ್ತಿದ್ದ ಅನ್ನುತ್ತಾಳೆ ಅವಳು. ಮಗುವನ್ನು ಕದ್ದೊಯ್ದಳು ಅನ್ನುತ್ತಾನೆ ಅವನು. ಇತ್ಯರ್ಥವಾಗುವ ತನಕ ಅಪ್ಪ-ಮಗನಿಗೆ ವಾರಕ್ಕೊಂದು ವಿಡಿಯೋ ಕಾಲ್ ಎಂದು ಕೋರ್ಟಿನ ಆದೇಶ.

ರಿಂಗಾದ ಕೂಡಲೇ ಮಾಣಿ ಅಡಿಕೆ ಚೀಲದ ಹಿಂದೆ ಸೇರುತ್ತಾನೆ. ಕಾಣುವುದು ಎರಡು ಪಾದ, ಒಂದಕ್ಕೆ ಮಾತ್ರ ಕಾಲುಚೀಲ. ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ: ಕರೆ ಶುರು 7.32, ಮುಕ್ತಾಯ 7.41, ಮಗು ಹಾಜರು.

“ಹೆದರಿ ಅಡಗಿದ ಅಂತ ಬರೀಲಾ?” ಎಂದು ವಕೀಲರನ್ನು ಕೇಳಿದೆ.

“ಬೇಡ ಭಟ್ರೇ. ಹೆದರಿದರೆ ತಾಯಿ ಹೇಳಿಕೊಟ್ಟದ್ದು ಅಂತಾರೆ.”

“ನಕ್ಕರೆ?”

“ನಕ್ಕರೆ ಹೊಡೆತವೇ ಸುಳ್ಳು ಅಂತಾರೆ.”

ಹಾಗಾಗಿ ಮಗು ಅಳಬಾರದು, ನಗಬಾರದು. ಹಾಜರಿದ್ದರೆ ಸಾಕು. ಮಗುವಿನಿಂದ ದೂರ ಇರುವ ಹೆತ್ತವರಿಗೆ ದಿನಕ್ಕೆ 5-10 ನಿಮಿಷವಾದರೂ ಅದರ ಜೊತೆ ಮಾತಾಡುವ ಹಕ್ಕಿರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಒಳ್ಳೆಯ ಮಾತೇ. ನಿಮಿಷ ಎಣಿಸಲು ಗಡಿಯಾರವಿದೆ. ಹೆದರಿಕೆ ಅಳೆಯಲು ಏನಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಪೆಟ್ಟಿನ ಕತೆ ಇನ್ನೂ ಚೆಂದ. ನಮ್ಮ ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳಿಗೋಟು ಎಂದು ಬೇರೆ ಮಾಡಿ ಟೆಂಡರಿನಲ್ಲಿ ದರ ಕಟ್ಟುವ ಹಾಗೆ ಕೋರ್ಟಿನಲ್ಲಿ ಹೊಡೆತಕ್ಕೂ ಗ್ರೇಡಿದೆ. ಪೊಲೀಸ್ ದೂರು ಇದ್ದರೆ ರಾಶಿ. ಆಸ್ಪತ್ರೆ ಚೀಟಿ ಇದ್ದರೆ ಚಾಲಿ. ಚೀಟಿಯಲ್ಲಿ ‘ಮೆಟ್ಟಿಲಿನಿಂದ ಬಿದ್ದದ್ದು’ ಎಂದಿದ್ದರೆ ಬಿಳಿಗೋಟು, ಕೇಳುವವರಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಕಲಂ ಸಾಕ್ಷ್ಯದ ಬಿಗಿ ಸಡಿಲಿಸಿ, ವಿವಾದ ಬಗೆಹರಿಸಲು ನೆರವಾಗುವ ಯಾವ ಕಾಗದವನ್ನಾದರೂ ನೋಡಬಹುದು ಅನ್ನುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ಕೆನ್ನೆಗೆ ಬಿದ್ದದ್ದಕ್ಕೆ ರಸೀದಿ ಕೊಡುವವರು ಯಾರು? ಸುಳ್ಳು ದೂರು ಕೊಡುವವರಿಲ್ಲವೇ ಅಂದರೆ, ಇದ್ದಾರೆ. ಹುಳುಕು ಗೊತ್ತಾಗಬೇಕಾದರೆ ಅಡಿಕೆ ಒಡೆದು ನೋಡಬೇಕು, ಚೀಲ ಮೂಸಿದರೆ ಆಗದು.

ಹೊರದೇಶದವರ ಜಾಣತನ ಇದಕ್ಕೂ ಒಂದು ಕೈ ಮೇಲು. 1980ರ ಹೇಗ್ ಒಪ್ಪಂದದ ಪ್ರಕಾರ ಗಡಿ ದಾಟಿಸಿದ ಮಗುವನ್ನು ಬೇಗ ವಾಪಸ್ ಕಳಿಸಬೇಕು. ಆರು ವಾರದಲ್ಲಿ ತೀರ್ಮಾನ ಆಗದಿದ್ದರೆ ತಡ ಯಾಕೆ ಎಂದು ಕೇಳಬಹುದು. ಇರುವ ಕೆಲವೇ ವಿನಾಯಿತಿಗಳಲ್ಲಿ ಒಂದು, ಮಗುವಿಗೆ ‘ಗಂಭೀರ ಅಪಾಯ’. ತಾಯಿಯ ಬೆನ್ನಿನ ಬಾಸುಂಡೆ ಆ ವಾಕ್ಯದಲ್ಲಿಲ್ಲ. ಆರೋಪ ನಿಜವೋ ಸುಳ್ಳೋ ಎಂದು ಬಗೆಯಲು ಪುರುಸೊತ್ತಿಲ್ಲದಾಗ ಏನು ಮಾಡಬೇಕು? ಬ್ರಿಟನ್ನಿನ ಸುಪ್ರೀಂ ಕೋರ್ಟ್ 2011ರಲ್ಲೇ ದಾರಿ ತೋರಿಸಿತು: ಎಲ್ಲ ನಿಜ ಎಂದೇ ಇಟ್ಟುಕೊಳ್ಳೋಣ, ರಕ್ಷಣೆಗೆ ಏನಾದರೂ ವ್ಯವಸ್ಥೆ ಆದೀತೇ ನೋಡೋಣ. ಆ ವ್ಯವಸ್ಥೆಯಲ್ಲಿ ಹೊಡೆದವನೇ ಬರೆದುಕೊಡುವ ಮುಚ್ಚಳಿಕೆಯೂ ಸೇರಿರುತ್ತದೆ. ತೋಟಕ್ಕೆ ನುಗ್ಗಿದ ಮಂಗನ ಹತ್ತಿರ ಸಹಿ ಹಾಕಿಸಿಕೊಂಡ ಹಾಗೆ.

ನೂರಕ್ಕೂ ಹೆಚ್ಚು ದೇಶಗಳಿರುವ ಆ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಿ ಎಂದು ಕಾನೂನು ಆಯೋಗ 2009ರಲ್ಲೇ ಹೇಳಿತ್ತು. ಹಾಗಾಗಿ ನಮ್ಮ ಮಾಣಿಯ ಪಾಲಿಗೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ವಿಮಾನವೇ ಹುಟ್ಟದ ಕಾಲದ ಅದು ‘ಮಗು ಸಾಮಾನ್ಯವಾಗಿ ವಾಸಿಸುವುದು ಎಲ್ಲಿ’ ಎಂದು ಕೇಳುತ್ತದೆ. ಅದು ಸಾಲದೆಂದು ಧಾರವಾಡ ಪೀಠದಲ್ಲಿ ಅಪ್ಪನ ಹೇಬಿಯಸ್ ಕಾರ್ಪಸ್ ಬೇರೆ. ಅಕ್ರಮ ಬಂಧನದಲ್ಲಿರುವವರನ್ನು ಹಾಜರುಪಡಿಸಿ ಎನ್ನುವ ಅರ್ಜಿ. ಅದು ದಾಖಲಾದ ದಿನ ಬಂಧನದಲ್ಲಿದ್ದವನು ಅಜ್ಜಿಯ ಒಲೆಯ ಪಕ್ಕ ಕೂತು ತೊಡೆದೇವು ತಿನ್ನುತ್ತಿದ್ದ.

ಕಳೆದ ಶನಿವಾರ ಗಾಳಿಮಳೆಗೆ ಮರ ಬಿದ್ದು ಲೈನು ಹರಿಯಿತು. ನೋಟ್‌ಬುಕ್ಕಿನಲ್ಲಿ ‘ಸಂಪರ್ಕ ಸಿಗಲಿಲ್ಲ’ ಎಂದು ಬರೆದೆ. ಸೋಮವಾರವೇ ನೋಟಿಸು: ತಾಯಿಯ ಕಡೆಯವರು ಬೇಕೆಂದೇ ಕರೆ ತಪ್ಪಿಸಿದ್ದಾರೆ, ಪುರಾವೆ ಕೊಡಿ.

“ಎಂತ ಮಾಡದು ಭಾವಾ?” ಎಂದರು ಹೆಗಡೇರು.

ಕೊಡೆ ಹಿಡಿದು ಹೋಗಿ ಮರದ ಫೋಟೋ ತೆಗೆದೆವು. ಬುಡದಿಂದ ಒಂದು, ತುದಿಯಿಂದ ಒಂದು, ತಂತಿಗೆ ತಾಗಿದ ಕೊಂಬೆಯದು ಎರಡು. ನಾಲ್ಕರಲ್ಲೂ ದಿನಾಂಕ, ಗಂಟೆ ಸರಿಯಾಗಿ ಬಿದ್ದಿದೆ. ಲೈನ್‌ಮನ್ ಸಾಕ್ಷಿ ಹೇಳಲು ಒಪ್ಪಿದ್ದಾನೆ. ವಕೀಲರಿಗೆ ಬಹಳ ಖುಷಿ. ಇಡೀ ಕೇಸಿನಲ್ಲಿ ಇಷ್ಟು ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಇದೇ ಮೊದಲಂತೆ.