ಇಪ್ಪತ್ತೊಂದು ದಿನಗಳ ಪವಾಡ

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ತೊಡಕಾಗುವ ಸ್ಥಿತಿ. ಅದನ್ನು ವಾಸಿಮಾಡುತ್ತೇವೆನ್ನುವ ಕೇಂದ್ರಗಳ ಜಾಹೀರಾತನ್ನು ನೀವೂ ನೋಡಿರುತ್ತೀರಿ. ಎಡಗಡೆ ಪುಸ್ತಕದ ಮುಂದೆ ಮುಖ ಬಾಡಿಸಿಕೊಂಡು ಕೂತ ಹುಡುಗ. ಬಲಗಡೆ ಅದೇ ಹುಡುಗ, ಮೂಗಿನ ಮೇಲೆ ನೀಲಿ ಗಾಜಿನ ಕನ್ನಡಕ, ಕೈಯಲ್ಲಿ ಟ್ರೋಫಿ. ನಡುವೆ ಕಳೆದದ್ದು ಬರೀ 21 ದಿನ. ಕೆಳಗೆ ಫೋನ್ ನಂಬರು, ಅದರ ಪಕ್ಕದಲ್ಲಿ ಐನ್‌ಸ್ಟೈನ್.

ಐನ್‌ಸ್ಟೈನ್ ಇಲ್ಲದೆ ಈ ವ್ಯಾಪಾರ ನಡೆಯುವುದಿಲ್ಲ. ಅವರಿಗೂ ಡಿಸ್ಲೆಕ್ಸಿಯಾ ಇತ್ತಂತೆ, ಗಣಿತದಲ್ಲಿ ನಪಾಸಾಗಿದ್ದರಂತೆ. ಆದರೆ ಹದಿನೈದು ತುಂಬುವ ಮೊದಲೇ ಕ್ಯಾಲ್ಕುಲಸ್ ಎಂಬ ಮೇಲ್ಮಟ್ಟದ ಗಣಿತ ಕರಗತವಾಗಿತ್ತೆಂದು ಅವರೇ ಹೇಳಿಕೊಂಡಿದ್ದರು. ಇರಲಿ, ಸತ್ತವರು ಮೊಕದ್ದಮೆ ಹೂಡುವುದಿಲ್ಲವಲ್ಲ. ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಬೆವರುವ ಮಗುವಿನ ಹೆಗಲ ಮೇಲೆ ಈಗ ಸಾಪೇಕ್ಷತಾ ಸಿದ್ಧಾಂತದ ಹೊರೆಯೂ ಬಿತ್ತು.

ಕನ್ನಡಕ ಸಾಲದೆನ್ನುವವರಿಗೆ ಅಲುಗಾಡುವ ಹಲಗೆಯಿದೆ. ಅದರ ಮೇಲೆ ಒಂಟಿಕಾಲಿನಲ್ಲಿ ನಿಂತರೆ ಮೆದುಳಿನ ಎರಡು ಹೋಳುಗಳೂ ರಾಜಿಯಾಗಿ, ಅಕ್ಷರಗಳು ತಾವಾಗಿಯೇ ಸಾಲುಗಟ್ಟುತ್ತವಂತೆ. ಈ ಲೆಕ್ಕದಲ್ಲಿ ಕೊಕ್ಕರೆಗಳು ಇಷ್ಟು ಹೊತ್ತಿಗೆ ಮಹಾಕಾವ್ಯ ಓದುತ್ತಿರಬೇಕಿತ್ತು.

ಡಿಸ್ಲೆಕ್ಸಿಯಾದ ತೊಡಕು ಹೆಚ್ಚಿನಂಶ ಕಣ್ಣಿನದಲ್ಲ, ಮಾತಿನ ಸದ್ದನ್ನು ಬಿಡಿಸಿ ಅಕ್ಷರಕ್ಕೆ ಹೊಂದಿಸುವುದರದು. ‘ಮರ’ದಿಂದ ‘ಮ’ ತೆಗೆದು ‘ಕ’ ಇಟ್ಟರೆ ಏನಾಗುತ್ತದೆ ಎಂದು ಕೇಳಿದರೆ ತಬ್ಬಿಬ್ಬಾಗುವ ಮಗುವಿಗೆ ನೀಲಿ ಗಾಜು ಏನು ಮಾಡೀತು? ಬಣ್ಣದ ಗಾಜಿಗೂ ಕಣ್ಣಿನ ಕಸರತ್ತಿಗೂ ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರೂ ಕಣ್ಣಿನ ವೈದ್ಯರೂ 2009ರಲ್ಲೇ ಒಟ್ಟಾಗಿ ಹೇಳಿದರು. ಗಾಜಿನ ವ್ಯಾಪಾರಿಗಳು ಆ ದಿನ ಬೇರೆಲ್ಲೋ ನೋಡುತ್ತಿದ್ದರೆಂದು ಕಾಣುತ್ತದೆ.

1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಹದಿನಾಲ್ಕು ವರ್ಷದ ಚುರುಕು ಹುಡುಗನೊಬ್ಬನ ಬಗ್ಗೆ ಬರೆದರು. ಅವನ ಹೆಸರು ಪರ್ಸಿ. ತನ್ನ ಹೆಸರನ್ನೇ ಅಕ್ಷರ ಅದಲುಬದಲಾಗಿಸಿ ‘ಪ್ರೆಸಿ’ ಎಂದು ಬರೆದಿದ್ದ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಶಾಲೆಗೇ ಇವನು ಜಾಣನಾಗುತ್ತಿದ್ದ ಎಂದು ಅವನ ಮೇಷ್ಟರು ಹೇಳಿದ್ದರಂತೆ. ನೋಡಿ, ಮೆದುಳಿನ ಸ್ಕ್ಯಾನ್ ಇಲ್ಲದ ಕಾಲದಲ್ಲಿ ಒಬ್ಬ ಮೇಷ್ಟರಿಗೆ ಇಷ್ಟು ಹೊಳೆದಿತ್ತು.

ನಿಜವಾಗಿ ಫಲ ಕೊಡುವ ಪಾಠಕ್ಕೆ ಜಾಹೀರಾತು ಬರೆಯಲು ನಾನೂ ಒಮ್ಮೆ ಕೂತೆ. ‘ಒಂದು ಸದ್ದು, ಅದಕ್ಕೊಂದು ಅಕ್ಷರ. ಬಾಯಲ್ಲಿ ಹೇಳಿ, ಬೆರಳಿನಲ್ಲಿ ತಿದ್ದಿ, ನಾಳೆ ಮತ್ತೆ ಅದನ್ನೇ. ತಿಂಗಳುಗಳು ಹಿಡಿಯುತ್ತವೆ, ವರ್ಷಗಳೂ ಹಿಡಿದಾವು. ಓದು ಸುಧಾರಿಸುತ್ತದೆ, ಆದರೂ ನಿಧಾನ ಪೂರ್ತಿ ಹೋಗದಿರಬಹುದು. ಟ್ರೋಫಿ ಇಲ್ಲ.’ ನಂಬರು ಕೊಟ್ಟರೂ ಯಾರು ಫೋನ್ ಮಾಡುತ್ತಾರೆ?

ಇನ್ನು 22ನೆಯ ದಿನ. ಹುಡುಗ ಅದೇ ಪುಟದ ಅದೇ ಸಾಲಿನಲ್ಲಿ ನಿಂತಿದ್ದಾನೆ. ಕೇಂದ್ರದವರು ಬೇಸರಿಸುವುದಿಲ್ಲ. ಮುಂದಿನ ಹಂತವಿದೆ, ಈ ಸಲ ಹಸಿರು ಗಾಜು. ಮೊದಲ ಹಂತ ಏಕೆ ಫಲಿಸಲಿಲ್ಲವೆಂದು ಅಪ್ಪ ಅಮ್ಮ ಕೇಳಿದರೆ ಉತ್ತರ ಸಿದ್ಧವಾಗಿದೆ: ‘ಮಗುವಿಗೆ ಶ್ರದ್ಧೆ ಸಾಲದು.’

ಇಲ್ಲಿ ನನಗೆ ತಮಾಷೆ ಸಾಧ್ಯವಾಗುವುದಿಲ್ಲ. ಶ್ರದ್ಧೆಯಿಲ್ಲ, ಸೋಮಾರಿ, ಬೇಕೆಂದೇ ಹೀಗೆ ಮಾಡುತ್ತಾನೆ ಎಂದು ತರಗತಿಯಲ್ಲಿ ವರ್ಷಗಟ್ಟಲೆ ಕೇಳಿಸಿಕೊಂಡು, ತಪ್ಪು ಬರೆದ ಪದವನ್ನೇ ನೂರು ಸಲ ಬರೆದು ಬೆರಳು ನೋಯಿಸಿಕೊಂಡು ಬಂದ ಹುಡುಗ ಅವನು. ಅದೇ ಮಾತನ್ನು ಈಗ ಹಣ ಕೊಟ್ಟು ಕೇಳಿಸಿಕೊಳ್ಳುತ್ತಿದ್ದಾನೆ.